ಬಂಡಾಯದ ಪಟ್ಟಿಗೆ ಏಳನೆಯ ಹೆಸರು

ಯಾರು ಬಂಡಾಯ ನಾಟಕಕಾರರು, ಯಾರು ಅಲ್ಲ ಎಂದು ತೀರ್ಮಾನಿಸಲು ಕುಳಿತ ನಾಲ್ಕನೆಯ ಭಾನುವಾರ ಅದು. ಪಾರ್ವತಿಬಾಯಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮೂರು ಭಾನುವಾರ ಮಾತಾಡಿದ್ದೇ ಮಾತಾಡಿದ್ದು, ಕುಡಿದದ್ದೇ ಚಹಾ; ಹೆಸರು ಮಾತ್ರ ಆರು. ಏಳನೆಯದು ಬೇಕು, ಇವತ್ತೇ ಬೇಕು, ಸಂಜೆಯ ಬಸ್ಸಿಗೆ ಪಟ್ಟಿ ಬಸವಕಲ್ಯಾಣಕ್ಕೆ ಹೋಗಬೇಕು.

ಮುಂದಿನ ತಿಂಗಳು ಅಲ್ಲಿ ಬಂಡಾಯ ನಾಟಕಗಳ ಸಮಾವೇಶ. ಪಟ್ಟಿಗೆ ಸೇರಿದ ಏಳು ಮಂದಿಯ ನಾಟಕಗಳನ್ನು ಆಡುತ್ತಾರೆ, ಸೇರದವರದು ಇಲ್ಲ. ಆರಿಸುವ ಸಮಿತಿಯಲ್ಲಿ ಮೂವರು. ಅಧ್ಯಕ್ಷ ಮಹಾರುದ್ರಪ್ಪ ಸಾವಕಾರರು ಮಾಣಿಕನಗರದ ಜವಳಿ ವ್ಯಾಪಾರಿ, ರಾಜೇಶ್ವರದಲ್ಲಿ ದೊಡ್ಡ ಹೊಲದ ಒಡೆಯರು, ಸಾಲದ್ದಕ್ಕೆ ಮೂರು ನಾಟಕ ಬರೆದವರು. ಇನ್ನೊಬ್ಬರು ಕಾಲೇಜಿನ ಬಸವಣಪ್ಪ ಮಾಸ್ತರು. ಸಾವಕಾರರು ಏನೆಂದರೂ 'ಹೌದ್ರಿ' ಎನ್ನುವುದು ಅವರ ಕೆಲಸ. ಮೂರನೆಯವಳು ಹುಮನಾಬಾದಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಪಾರ್ವತಿಬಾಯಿ. ಸಭೆ ಸಾವಕಾರರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ. ಬಂಡಾಯಕ್ಕೆ ಇಡೀ ತಾಲ್ಲೂಕಿನಲ್ಲಿ ಇದೊಂದೇ ಜಾಗ ಸಿಕ್ಕಿತೇ!

ಮೊದಲ ಭಾನುವಾರ, ಪೊಲೀಸರು ತಡೆದ ನಾಟಕವೇ ಬಂಡಾಯದ್ದು ಎಂದಾಯಿತು. ಸಾವಕಾರರ ನಾಟಕವನ್ನು ಪೊಲೀಸರು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ನೋಡಿದ್ದರಿಂದ ಆ ನಿಯಮ ಬಿತ್ತು. ಎರಡನೆಯ ಭಾನುವಾರ, ಅಚ್ಚಾಗಿರಬೇಕು ಎಂದರು. ಮಾಸ್ತರರ ಗೆಳೆಯನದು ಅಚ್ಚಾಗಿರಲಿಲ್ಲ, ಅದೂ ಬಿತ್ತು. ಮೂರನೆಯ ಭಾನುವಾರ ಸಾವಕಾರರಿಗೆ ಜ್ಞಾನೋದಯವಾಯಿತು. ನಾಟಕ ನೋಡುತ್ತಲೇ ಪ್ರೇಕ್ಷಕರು ಕೆರಳಿ ಎದ್ದು ಹೋಗಿರಬೇಕು, ಹೋದವರ ಹೆಸರು ಬೇಕು! ಅವರ ನಾಟಕದಿಂದ ಅರ್ಧ ಊರೇ ಎದ್ದು ಹೋಗಿತ್ತು. ಅವರು ಸಿಟ್ಟಿನಿಂದ ಎದ್ದರೋ ನಿದ್ದೆಯಿಂದ ಎದ್ದರೋ, ಕೇಳುವವರು ಯಾರು? ನಿಯಮ ಠರಾವಾಯಿತು, ಸಾವಕಾರರ ರುಜುವೂ ಬಿತ್ತು.

"ಹಂಗಾರ ಏಳನೇ ಹೆಸರು ನಂದ ಬರಕೊಳ್ರಿ, ಮುಗೀತು" ಎಂದು ಇವತ್ತು ಸಾವಕಾರರು ಶುರುಮಾಡಿದರು.

"ಮುಗೀಲಿಲ್ರಿ. ರಾಜೇಶ್ವರದ ಪಂಡರಿ ಹೆಸರು ಬಾಕಿ ಅದ" ಎಂದಳು ಪಾರ್ವತಿಬಾಯಿ.

"ಅವ ಕುರಿ ಕಾಯಾಂವ ಇದ್ದಾನ್ರಿ ಬಾಯರ! ಅವಂದೆಂಥಾ ನಾಟಕ? ಒಂದ ಸಲ ಆಡ್ಯಾನ, ಅದೂ ಅರ್ಧಕ್ಕ ನಿಂತದ."

"ಯಾಕ ನಿಂತದ ಅಂತ ನಿಮಗ ಗೊತ್ತಿಲ್ಲೇನ್ರಿ?"

"ನನಗ ಹ್ಯಾಂಗ ಗೊತ್ತಿರ್ತದ? ಸಾಕ್ಷಿ ತರ್ರಿ. ಎದ್ದು ಹೋದವರ ಹೆಸರು ಹೇಳ್ರಿ. ನೀವ ಏನಂತೀರಿ ಮಾಸ್ತರ?"

"ಹೌದ್ರಿ" ಎಂದರು ಮಾಸ್ತರು.

ಪಾರ್ವತಿಬಾಯಿ ಚಹಾದ ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟಳು. ಸಿಟ್ಟಿಗೆ ಎಂದು ಅವರಿಬ್ಬರೂ ತಿಳಿದರು. ಸಿಟ್ಟು ಇತ್ತು, ಅದರ ಕೆಳಗೆ ಹನ್ನೆರಡು ವರ್ಷದ ನಾಚಿಕೆಯೂ ಇತ್ತು.

ಎಪ್ಪತ್ತೊಂದನೆಯ ಇಸವಿಯಲ್ಲಿ ಅವಳಿಗೆ ರಾಜೇಶ್ವರದಲ್ಲಿ ಮೊದಲ ನೌಕರಿ. ಒಂದು ಸಂಜೆ ಪಂಡರಿ ಚಾವಡಿಯ ಮುಂದೆ ತಾನೇ ಬರೆದ ನಾಟಕ ಹೂಡಿದ. ಊರ ದೊಡ್ಡವರಿಗೆಂದು ಶಾಲೆಯಿಂದ ಕುರ್ಚಿಗಳು ಬಂದವು. ಅವನ್ನು ತಲೆಯ ಮೇಲೆ ಹೊತ್ತು ತಂದವರು ನೆಲದ ಮೇಲೆ ಕುಳಿತರು. ಆಟ ಅರ್ಧವಾದಾಗ ಪಂಡರಿ ಕಂದೀಲು ಹಿಡಿದು ಕೆಳಗಿಳಿದ. ಮುಂದಿನ ಸಾಲಿನ ಒಬ್ಬೊಬ್ಬರ ಮುಖಕ್ಕೂ ಬೆಳಕು ಹಿಡಿದು, "ನಿಮ್ಮ ಕುರ್ಚಿ ಯಾರು ಹೊತ್ತು ತಂದಾರ್ರಿ?" ಎಂದು ಕೇಳುತ್ತ ಬಂದ. ಕೇಳಿದ್ದು ಇಷ್ಟೇ, ಬೈಗುಳ ಒಂದೂ ಇಲ್ಲ. ಮೊದಲನೆಯ ಕುರ್ಚಿಯವರು ಶಲ್ಯ ಝಾಡಿಸಿ ಎದ್ದರು, ಅವರ ಹಿಂದೆ ಸಾಲೇ ಎದ್ದಿತು. ಕೊನೆಯ ಕುರ್ಚಿ ಪಾರ್ವತಿಬಾಯಿಯದು. ಅದನ್ನು ಹೊತ್ತು ತಂದವಳು ಅವಳ ವಿದ್ಯಾರ್ಥಿಯ ತಾಯಿ ಸಖುಬಾಯಿ, ಎದುರಿಗೇ ನೆಲದ ಮೇಲೆ ಕುಳಿತಿದ್ದಳು. ಆ ಹೆಸರು ಹೇಳಿದ್ದರೆ ಸಾಕಿತ್ತು. ಪಾರ್ವತಿಬಾಯಿ ಹೇಳಲಿಲ್ಲ, ಸೆರಗು ಹೊದ್ದು ಎದ್ದು ಹೋದಳು.

ಆಮೇಲೆ ಪಂಡರಿಗೆ ಯಾವ ಊರಿನ ಚಾವಡಿಯೂ ಜಾಗ ಕೊಡಲಿಲ್ಲ. ಹೋದ ತಿಂಗಳು ಸಿಕ್ಕಾಗ ಅವನು ಹೇಳಿದ್ದ, "ಉಳಿದರ್ಧ ಯಾರೂ ನೋಡಿಲ್ರಿ ಬಾಯರ. ನನ್ನ ಕಣ್ಣಿಗೂ ಬಿದ್ದಿಲ್ಲ. ಅರವತ್ತೈದಾತು, ಒಮ್ಮೆ ನೋಡಿ ಹೋಗಬೇಕಂತ ಆಸೆ." ಇವತ್ತು ಬೆಳಿಗ್ಗೆಯಿಂದ ಅಂಗಡಿಯ ಹೊರಗೆ, ಮೆಟ್ಟಿಲ ಪಕ್ಕದ ನೆಲದಲ್ಲಿ ಕಂಬಳಿ ಹಾಸಿ, ನಾಟಕ ಬರೆದ ವಹಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಹೇಳ್ರಿ ಬಾಯರ, ಒಬ್ಬರದಾದ್ರೂ ಹೆಸರು ಹೇಳ್ರಿ" ಎಂದು ಸಾವಕಾರರು ನಕ್ಕರು.

ಪಾರ್ವತಿಬಾಯಿ ಠರಾವಿನ ಹಾಳೆ ಎಳೆದುಕೊಂಡಳು. 'ಎದ್ದು ಹೋದವರು' ಎಂಬಲ್ಲಿ ಬರೆದು, ಗಟ್ಟಿಯಾಗಿ ಓದಿದಳು: "ಒಂದು, ಪಾರ್ವತಿಬಾಯಿ, ಶಿಕ್ಷಕಿ."

ಸಾವಕಾರರ ನಗು ನಿಂತಿತು.

"ನಾ ಎದ್ದು ಹೋದೆನ್ರಿ. ಆ ಮನಷ್ಯಾಗ ಉತ್ತರ ಕೊಡೋ ಧೈರ್ಯ ಇರಲಿಲ್ಲ, ಎದ್ದು ಹೋದೆ. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡು ಕುಂತೇನಿ, ಸಾಕಾಗ್ಯಾದ ನನಗ." ಪೆನ್ನನ್ನು ಅವರ ಕಡೆ ತಳ್ಳಿದಳು. "ಎಲ್ಲಾರಕಿಂತ ಮೊದಲ ಎದ್ದವರು ಯಾರಂತ ನಾ ಹೇಳೂದಿಲ್ಲ. ನೀವ ಬರೀರಿ."

"ನನ್ನ ಅಂಗಡ್ಯಾಗ ಕುಂತು ನನಗ..." ಸಾವಕಾರರ ಮುಖ ಕೆಂಪಾಯಿತು. ಅವರು ಶಲ್ಯ ಝಾಡಿಸಿ ಎದ್ದರು, ಬಾಗಿಲು ಬಡಿದು ಹೊರಗೆ ನಡೆದೇಬಿಟ್ಟರು.

ಬಸವಣಪ್ಪ ಮಾಸ್ತರು ಬಾಗಿಲ ಕಡೆ ನೋಡಿದರು, ಹಾಳೆಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡು, ಆ ನಾಲ್ಕು ಭಾನುವಾರಗಳಲ್ಲಿ ಮೊದಲ ಸಲ ತಮ್ಮದೇ ಒಂದು ಮಾತು ಆಡಿದರು.

"ಎದ್ದು ಹೋದ್ರು. ಬರಕೊಳ್ರಿ ಬಾಯರ. ನಾ ರುಜು ಹಾಕ್ತೀನಿ."

ಮೂವರಲ್ಲಿ ಇಬ್ಬರ ರುಜು ಸಾಕಾಗಿತ್ತು. ಏಳನೆಯ ಹೆಸರು ಬರೆದಾಯಿತು. ಪಾರ್ವತಿಬಾಯಿ ಪಟ್ಟಿ ಮಡಿಚಿ ಲಕೋಟೆಗೆ ಹಾಕಿದಳು. ಆಮೇಲೆ ಸಾವಕಾರರು ಬಿಟ್ಟುಹೋದ ತೇಗದ ಕುರ್ಚಿಗೆ ಕೈಹಾಕಿದಳು. ಭಾರಿ ತೂಕ. ಮಾಸ್ತರು ಹಿಡಿಯಲು ಬಂದರು, ಅವಳು ಬೇಡವೆಂದಳು. ಏದುಸಿರು ಬಿಡುತ್ತ, ಹೊಸ್ತಿಲಿಗೆ ಎಡವುತ್ತ, ಅಂಗಡಿಯ ಆಳುಗಳೆಲ್ಲ ಬಾಯಿ ಬಿಟ್ಟು ನೋಡುತ್ತಿರುವಾಗ ಅದನ್ನು ಹೊತ್ತು ತಂದು ಪಂಡರಿಯ ಮುಂದೆ ಇಟ್ಟಳು.

"ನಿಮ್ಮ ಹೆಸರು ಪಟ್ಟಿಗೆ ಸೇರೇದ. ಕುಂಡ್ರಿ."

ಪಂಡರಿ ಕೂಡಲಿಲ್ಲ. ವಹಿಯನ್ನು ಕಂಕುಳಿಗೆ ಸೇರಿಸಿ ಎದ್ದು ನಿಂತ. ಕುರ್ಚಿಯನ್ನೊಮ್ಮೆ ನೋಡಿದ, ಬೆವತ ಅವಳ ಮುಖವನ್ನೊಮ್ಮೆ ನೋಡಿದ.

"ಯಾರು ಹೊತ್ತು ತಂದಾರ್ರಿ?" ಎಂದು ಮೆಲ್ಲಗೆ ಕೇಳಿದ.

"ನಾನ್ರಿ" ಎಂದಳು ಪಾರ್ವತಿಬಾಯಿ. "ಅವತ್ತಿಂದು ಸಖುಬಾಯಿ ತಂದಿದ್ಳು."

ಆಗ ಅವನು ಕುಳಿತ.