ಬರೀ ಮಂಜಿನಲ್ಲಿ ಕಂಡ ಮುಖ

ಅದಕ್ಕೆ ನಾವಿಟ್ಟ ಅಡ್ಡಹೆಸರು ಬೀಗ. ಐದು ಪ್ರೋಟೀನುಗಳು ಒಟ್ಟಾಗಿ ಡಿಎನ್‌ಎ ಮೇಲೆ ಕೂತು, ಒಂದು ಜೀನ್ ಬಾಯಿ ಬಿಡದಂತೆ ನೋಡಿಕೊಳ್ಳುತ್ತವೆ. ಆ ಗುಂಪಿನ ಆಕಾರ ಕಂಡುಹಿಡಿಯುವುದೇ ಕೆಂಗೇರಿಯ ನಮ್ಮ ಲ್ಯಾಬಿನ ಕೆಲಸ, ಗದಗದಿಂದ ಬಂದ ನನಗೆ ಪಿಎಚ್‌ಡಿಯ ವಿಷಯವೂ ಅದೇ.

ಬೀಗವನ್ನು ಮಂಜಿನಲ್ಲಿ, ಅಂದರೆ ತೆಳು ಮಂಜುಗಡ್ಡೆಯ ಪದರದಲ್ಲಿ, ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದರೆ ಕಾಣುವುದು ಬೂದು ಚುಕ್ಕಿಗಳಷ್ಟೇ. ಅದಕ್ಕೇ ಕಂಪ್ಯೂಟರಿಗೆ ನಾವೇ ಊಹಿಸಿದ ಒಂದು ಮಾದರಿ ಚಿತ್ರ ಕೊಟ್ಟು, ಇಂಥದ್ದನ್ನು ಹುಡುಕು ಅನ್ನುತ್ತೇವೆ. ಅದನ್ನು ಹೋಲುವ ಲಕ್ಷಾಂತರ ಚೂರುಗಳನ್ನು ಆರಿಸಿ, ಒಂದರ ಮೇಲೊಂದು ಕೂಡಿಸಿ, ಅದು ಆಕಾರ ತೋರಿಸುತ್ತದೆ. ನಮಗೂ ತೋರಿಸಿತು. ಎಷ್ಟು ಚಂದದ ಬೀಗ! ನನ್ನ ಗೈಡ್ ಭೈರೇಶ್ ಸಾರ್, ಕಳೆದ ವರ್ಷ ಮಗಳು ಸ್ಪಂದನ ತೀರಿಕೊಂಡ ಮೇಲೆ, ಮೊದಲ ಸಲ ನಕ್ಕರು. ಸಂಜೆಯೇ ಪೇಪರ್ ಕಳಿಸುವುದೆಂದಾಯಿತು.

ನನಗೆ ಮಾತ್ರ ತಳಮಳ. ಕೊಟ್ಟ ಮಾದರಿಗೂ ಬಂದ ಆಕಾರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ. ಕೊಟ್ಟದ್ದನ್ನೇ ಅದು ತಿರುಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು, ಪ್ರೋಟೀನನ್ನೇ ಹಾಕದ, ಬರೀ ಮಂಜಿನ ಫೋಟೋಗಳನ್ನು ಕಂಪ್ಯೂಟರಿಗೆ ಕೊಟ್ಟೆ. ಮಾದರಿಯಾಗಿ ಮೊಬೈಲಿನಲ್ಲಿದ್ದ ಅವ್ವನ ಮುಖ ಹಾಕಿದೆ. ಸತ್ತುಹೋದ ಅವ್ವ ಮಂಜಿನೊಳಗಿಂದ ಹೇಗೆ ಬಂದಾಳು?

ಬಂದಳು. ಮೊದಲು ಹಣೆ, ಆಮೇಲೆ ಮೂಗುತಿ, ಆಮೇಲೆ ಆ ನೋಟ. ನಮ್ಮ ಬೀಗವೂ ಹೀಗೆಯೇ, ಏನೂ ಇಲ್ಲದ ಕಡೆಯಿಂದ ಬಂದಿತ್ತು. ಆದರೂ ಪರದೆ ಆರಿಸಲು ಮನಸ್ಸಾಗಲಿಲ್ಲ. ಫೋಟೋದಲ್ಲಿ ಅವ್ವನ ಬಾಯಿ ಮುಚ್ಚಿತ್ತು. ಇಲ್ಲಿ ತುಟಿ ತುಸು ತೆರೆದಿತ್ತು. ಅದನ್ನು ನಾನು ಕೊಟ್ಟಿರಲಿಲ್ಲ.

"ಯಾರಮ್ಮ ಸುವರ್ಣಾ ಇದು?" ಸಾರ್ ಹಿಂದೆ ಬಂದು ನಿಂತಿದ್ದರು.

"ನಮ್ಮವ್ವ ರೀ ಸರ್. ಬರೇ ಮಂಜಿನಾಗಿಂದ ಬಂದಾಳ. ಇದರಾಗ ಪ್ರೋಟೀನ್ ಹಾಕೇ ಇಲ್ರಿ."

ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಹಂಗಾದ್ರೆ ನಮ್ ಬೀಗಾನೂ ಸುಳ್ಳೇ," ಅಂದರು. "ಪೇಪರ್ ಕಳಿಸೋದು ಬೇಡ."

ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತು. ನನಗೆ ಅಳು ಉಕ್ಕಿ ಬಂತು. ಸಾರ್ ಎದ್ದುಹೋಗುತ್ತಾರೆ ಅಂದುಕೊಂಡೆ. ಅವರು ಅವ್ವನ ತೆರೆದ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಪರ್ಸಿನಿಂದ ಮಗಳ ಪುಟ್ಟ ಫೋಟೋ ತೆಗೆದು ಕೀಬೋರ್ಡಿನ ಪಕ್ಕ ಇಟ್ಟರು.

"ಅಲ್ಲೇನೂ ಇಲ್ಲ ಅಂತ ನಂಗೂ ಗೊತ್ತು ಕಣಮ್ಮ," ಅಂದರು. "ಆದ್ರೂ ಇವಳನ್ನ ಒಂದ್ಸಲ ಹುಡುಕು."