ಗಡಿಪಾರಾದವನ ಅವ್ವ

"ಲೇ ಗಡಿಪಾರು, ನಿಮ್ಮವ್ವ ಊದ್ಕಳಾಕೆ ಸುರು ಮಾಡ್ಯಾಳೆ. ಬೊಗಳು, ಕೇಸು ವಾಪಸ್ ತಗಂತೀಯೋ ಇಲ್ಲೋ?"

ಷಣ್ಮುಖಪ್ಪಗೌಡರು ಬೈಯುತ್ತಿದ್ದಾಗ ನಡುನಡುವೆ ಕಾಫಿ ಹೀರುವ ಸದ್ದೂ ಫೋನಿನಲ್ಲಿ ಕೇಳುತ್ತಿತ್ತು. ದುರುಗೇಶ ಇತ್ತ ತಾಲ್ಲೂಕಿನಾಚೆಯ ಸೊಕ್ಕೆ ಊರಿನ ಹೊಲವೊಂದರ ಬದುವಿನಲ್ಲಿ ಬೇವಿನ ಮರ ಹತ್ತಿ ಕೂತಿದ್ದ. ಸೂಳೆಕೆರೆ ಕೆಳಗಿನ ಮಾದರ ಕೇರಿಗೆ ಅವನು ಈಗಲೂ ಲೀಡರು. ಕೇರಿಯಿಂದ ಸ್ಮಶಾನಕ್ಕೆ ಹೋಗುವ ಸರ್ಕಾರಿ ಬಂಡಿದಾರಿಯನ್ನು ಗೌಡರು ಬೇಲಿಯೊಳಗೆ ನುಂಗಿದ್ದರು. ಇವನು ಅಳತೆ ಮಾಡಿಸಿ, ಬೇಲಿ ಕೀಳಿಸಿ, ದಾರಿ ಕೇರಿಯದೇ ಎಂದು ಗೌಡರ ಮೇಲೊಂದು ಕೇಸೂ ಹಾಕಿದ. ದಾರಿ ಕೇರಿಗೆ ಸಿಕ್ಕಿತು, ಗಡಿಪಾರು ಇವನಿಗೆ. ಚನ್ನಗಿರಿ ತಾಲ್ಲೂಕಿನೊಳಗೆ ಕಾಲಿಟ್ಟರೆ ಜೈಲು. ಅಂದಿನಿಂದ ಕೇರಿಯ ಸಭೆಗಳೆಲ್ಲ ಫೋನಿನಲ್ಲೇ. ಸಿಗ್ನಲ್ಲಿಗಾಗಿ ಅಧ್ಯಕ್ಷರು ಮರ ಹತ್ತಬೇಕು, ಅಷ್ಟೆ.

ಅವ್ವ ಬೆಳಿಗ್ಗೆ ತೀರಿಕೊಂಡಿದ್ದಳು. ನೆಂಟರಿಗೆ ಸುದ್ದಿ ಮುಟ್ಟುವ ಮುಂಚೆಯೇ ಗೌಡರ ಜೆಸಿಬಿ ಬಂಡಿದಾರಿಗೆ ಅಡ್ಡಲಾಗಿ ಕಂದಕ ತೋಡಿ ಮುಗಿಸಿತ್ತು.

"ಕೇಸು ವಾಪಸ್ ಅನ್ನು, ಈಗಿಂದೀಗ್ಲೇ ಮುಚ್ಚಿಸ್ತೀನಿ. ಹೆತ್ತೋಳಿಗಿಂತ ದಾರಿ ದೊಡ್ದೇನಲೇ, ಬೇವರ್ಸಿ?"

"ಯೋಚ್ನೆ ಮಾಡಿ ಹೇಳ್ತೀನಿ ಗೌಡ್ರೆ."

ಗೌಡರು ಫೋನು ಇಟ್ಟರು. ತಂಗಿ ಲಕ್ಷ್ಮಮ್ಮನ ಫೋನು ಬಂತು.

"ಒಪ್ಕಂಬಿಡಣ್ಣ. ನೀನೇನು, ದೂರ ಕುಂತ್ಕಂಡು ಭಾಷಣ ಮಾಡ್ತೀಯ. ಇಲ್ಲಿ ಅವ್ವನ ಮುಖದ ಮ್ಯಾಲೆ ನೊಣ ಹೊಡೀತಾ ಕುಂತೋಳು ನಾನು."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟರಲ್ಲಿ ಸೋದರಮಾವ ಅಂಜಿನಪ್ಪ ಫೋನು ಕಿತ್ತುಕೊಂಡ.

"ಲೇ ದುರುಗ, ಒಪ್ಕಳಂಗಿದ್ರೆ ಒಪ್ಕ. ನಾಳೆ ನಾನು ಸತ್ರೆ ಯಾವ ತಿಪ್ಪೆಗೆ ಹಾಕ್ತಾರೆ, ಅದನ್ನೂ ಕೇಳಿಟ್ಕ."

"ಮಾವ, ಗುಂಡಿ ಎಷ್ಟು ಆಳ ಐತೆ?"

"ನಾನು ಇಳಿದ್ರೆ ರುಮಾಲು ಕಾಣಾಕಿಲ್ಲ."

"ಅಗಲ?"

"ಜೆಸಿಬಿ ಬಕೀಟಿನಷ್ಟು. ಯಾಕ್ಲೇ?"

"ಅವ್ವ ಸಣ್ಣಾಕಿ. ಸಾಕಾಗ್ತೈತೆ."

ಆ ಕಡೆಯಿಂದ ಲಕ್ಷ್ಮಮ್ಮನ ದನಿ: "ಮೊದ್ಲನೇ ಹಿಡಿ ಮಣ್ಣು ಮಗಂದಲ್ವೇನಣ್ಣ? ಹೆಂಗೆ ಮಾಡಾದು?"

"ನೀನು ಹಾಕು."

"ಹೆಂಗಸ್ರು ಹಾಕ್ತಾರೇನು?"

"ಬರಾಕಾಗದ ಮಗನಿಗಿಂತ ನೀನು ವಾಸಿ. ಹಾಕವ್ವ."

ಹೊತ್ತು ಇಳಿಯುವಷ್ಟರಲ್ಲಿ ಗೌಡರ ಫೋನು ಮತ್ತೆ ಬಂತು. ಈ ಸಲ ಕಾಫಿಯ ಸದ್ದಿರಲಿಲ್ಲ.

"ಹಲ್ಕಾ ನನ್ಮಗನೆ, ನನ್ ಹೊಲದ ಬಾಯಿಗೆ ಹೆಣ ಮಣ್ಣು ಮಾಡಿಸ್ತೀಯೇನಲೇ? ಎತ್ರಿ ಅನ್ನು ನಿನ್ ಜನಕ್ಕೆ!"

"ನೀವೇ ಎತ್ತಿಸ್ರಿ ಗೌಡ್ರೆ."

ಗೌಡರು ಅತ್ತ ತಿರುಗಿ ಆಳನ್ನು ಕೂಗಿದರು: "ಸಿದ್ದಲಿಂಗೇಶಾ, ಇಳಿಯೋ!"

"ಹೋಗ್ರಿ ಗೌಡ್ರೆ, ಆ ಜನದ ಹೆಣ ನಾನು ಮುಟ್ಟಾದಾ? ಮನ್ಯಾಗೆ ಒಳಗೆ ಸೇರಿಸ್ತಾರೇನ್ರಿ?"

"ಜೆಸಿಬಿಯೋನೆಲ್ಲಿ?"

"ಕೀ ಕಿತ್ಕಂಡು ಹೋದ. ಹೆಣದ ಕೆಲಸಕ್ಕೆ ನಾನು ಬರಾಕಿಲ್ಲ ಅಂದ."

ದುರುಗೇಶ ಮೆಲ್ಲಗೆ ಅಂದ: "ನಿಮ್ಮನ್ಯಾಗೆ ಎಮ್ಮೆ ಸತ್ರೂ ಎತ್ತಾಕೆ ನಾವೇ ಬರ್ತಿದ್ವಿ. ಇವತ್ತು ನಮ್ ಮನ್ಯಾಗೇ ಸಾವು ಗೌಡ್ರೆ, ಬಿಡುವಿಲ್ಲ. ನೀವೇ ಇಳೀರಿ."

ಗೌಡರು ಫೋನು ಇಡಲಿಲ್ಲ. ದುರುಗೇಶನೂ ಇಡಲಿಲ್ಲ. ಗೌಡರ ಬುಸುಗುಟ್ಟುವ ಉಸಿರಿನ ಹಿಂದೆ, ದೂರದಲ್ಲಿ, ಕೇರಿಯ ಹೆಂಗಸರು ಅವ್ವನ ಹೆಸರು ಹಿಡಿದು ಅಳುವುದು ಕೇಳುತ್ತಿತ್ತು.