ಹಾಸ್ಟೆಲ್ಲಿಗೂ ಆಫೀಸಿಗೂ ನಡುವೆ ನಾನು

ನಾನು ಒಂದು ಕಂಪ್ಯೂಟರ್. ಬಂದವರನ್ನು ಒಳಗೆ ಬಿಡದಿರುವುದೇ ನನ್ನ ಕೆಲಸವಾಗಿತ್ತು. ಈ ಕೆಲಸ ನನ್ನ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತು. ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಕೊಪ್ಪೀಕರ ರಸ್ತೆಯ ಒಂದು ಸಂದಿಯೊಳಗಿನ ಅಂಗಡಿಯ ಮಹಡಿಯ ಮೇಲೆ. ಹುಟ್ಟಿದ್ದು ಎಂದರೆ ಏನು, ಬೇರೆ ಬೇರೆ ಡಬ್ಬಿಗಳಿಂದ ತೆಗೆದ ಸಾಮಾನನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಸಿ ಸ್ಕ್ರೂ ಬಿಗಿದರು, ಅಷ್ಟೆ. ಪಕ್ಕದ ತಗಡು ಸರಿಯಾಗಿ ಕೂರಲಿಲ್ಲ. ಜೋಡಿಸುತ್ತಿದ್ದವನು ಅಂಗೈಯಿಂದ ಎರಡು ಸಲ ಬಡಿದು ಕೂರಿಸಿದ. ಕಣ್ಣು ಬಿಟ್ಟ ದಿನವೇ ಪೆಟ್ಟು ತಿಂದರೆ ಪ್ರೀತಿ ಎಲ್ಲಿಂದ ಹುಟ್ಟಬೇಕು?

ಮೊದಲು ನನ್ನನ್ನು ಕೊಂಡವನು ಮದುವೆ ಕಾರ್ಡು ತಯಾರಿಸುವ ಗುರುಬಸಪ್ಪ. ಅವನ ಅಂಗಡಿಗೆ ಬಂದವರೆಲ್ಲ ತಮ್ಮ ತಮ್ಮ ಪೆನ್‌ಡ್ರೈವ್ ತಂದು ನನಗೆ ಚುಚ್ಚುತ್ತಿದ್ದರು. ಯಾರ ಯಾರ ಮನೆಯ ವೈರಸ್ಸೋ ನನ್ನ ಹೊಟ್ಟೆ ಸೇರಿತು. ವಧುವಿನ ಹೆಸರು ಹೊಡೆದರೆ ಪರದೆಯ ಮೇಲೆ ಜೂಜಿನ ಜಾಹೀರಾತು ಬರತೊಡಗಿತು. ಸಿಕ್ಕಸಿಕ್ಕವರನ್ನು ಒಳಗೆ ಬಿಟ್ಟವನು ಅವನು, ಬೈಸಿಕೊಂಡದ್ದು ನಾನು. ನಾಲ್ಕು ವರ್ಷದ ನಂತರ ಬೇಸತ್ತು ಗದುಗಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿಗೆ ನನ್ನನ್ನು ದಾಟಿಸಿದ.

ಪಾಲಿಟೆಕ್ನಿಕ್ಕಿನಲ್ಲಿ ರಿಪೇರಿಯವನೊಬ್ಬ ಬಂದು ನನ್ನ ಹೊಟ್ಟೆ ಪೂರ್ತಿ ತೊಳೆದು ಲಿನಕ್ಸ್ ಹಾಕಿದ. ಬೆನ್ನಿಗೆ ಎರಡು ತಂತಿ ಸಿಕ್ಕಿಸಿದ: ಒಂದು ಹೊರಗಿನ ಇಂಟರ್‌ನೆಟ್ಟಿಗೆ, ಇನ್ನೊಂದು ಆಫೀಸಿನ ಕಂಪ್ಯೂಟರುಗಳಿಗೆ. ಮೂರನೆಯ ದಾರಿಗೆ ತಂತಿಯಿಲ್ಲ. ಎರಡು ಕೊಂಬಿನ ಒಂದು ವೈಫೈ ಕಾರ್ಡು ಕೂರಿಸಿ, ಎದುರಿನ ಹಾಸ್ಟೆಲ್ಲಿನ ಇನ್ನೂರು ಮೊಬೈಲುಗಳನ್ನು ನನ್ನ ಕೊರಳಿಗೆ ಕಟ್ಟಿದ. ಯಾರನ್ನು ಎಲ್ಲಿಗೆ ಬಿಡಬೇಕು, ಎಲ್ಲಿಗೆ ಬಿಡಬಾರದು ಎಂದು ಬರೆಯುವ ಜಾಗವೊಂದಿದೆ, ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಅಲ್ಲಿ ಅವನು ‘ಎಲ್ಲರನ್ನೂ ಎಲ್ಲಿಗೂ ಬಿಡು’ ಎಂದು ಒಂದೇ ಸಾಲು ಬರೆದು, ಅದನ್ನು ಡಿಸ್ಕಿನಲ್ಲಿ ಉಳಿಸಿ, ಚಹಾ ಕುಡಿದು ಹೋದ. ಅಂಥವನ ಕೈಗೆ ನನ್ನ ಹೊಟ್ಟೆ ಸಿಕ್ಕಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನನ್ನು ಮೇಲಿನ ಮಹಡಿಯ ಲ್ಯಾಬಿನಲ್ಲಿ ಇಡಲಿಲ್ಲ. ಆಫೀಸ್ ಸೂಪರಿಂಟೆಂಡೆಂಟ್ ಸಾಲಿಮಠರ ಕೋಣೆಯ ಮೂಲೆಯಲ್ಲಿ, ಕಪಾಟಿನ ಪಕ್ಕ ನೆಲದ ಮೇಲಿಟ್ಟರು. ಜನರ ಮೊಣಕಾಲಿನ ಕೆಳಗಿನ ಭಾಗವನ್ನು ನಾನು ಚೆನ್ನಾಗಿ ಬಲ್ಲೆ. ಸಾಲಿಮಠರ ಚಪ್ಪಲಿ ದಿನಕ್ಕೆ ನಾಲ್ಕು ಸಲ ನನಗೆ ತಾಗುತ್ತಿತ್ತು. ಒಮ್ಮೆಯೂ ಅವರು ಕಾಲು ಸರಿಸಿಕೊಳ್ಳಲಿಲ್ಲ.

ಶಶಿರೇಖಾ ಬಡಿಗೇರ ಬಂದದ್ದು ಆಮೇಲೆ. ಬೆಟಗೇರಿಯವಳು. ತಂದೆ ಬಾಗಿಲು ಚೌಕಟ್ಟು ಮಾಡುವ ಬಡಗಿ. ಇವಳು ಲ್ಯಾಬ್ ಸಹಾಯಕಿ, ಹನ್ನೊಂದು ತಿಂಗಳ ಒಪ್ಪಂದದ ಮೇಲೆ. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಮನೆಗೆ ಕಳಿಸಿ ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು, ಕಾಯಂ ಮಾಡು ಎಂದು ಕೇಳಬಾರದೆಂದು. ಹೀಗೆ ಮೂರು ಸಲವಾಗಿತ್ತು. ಆ ವರ್ಷ ನವೆಂಬರಿನಲ್ಲಿ ಸಮಿತಿ ಕೂತು ಒಬ್ಬರನ್ನು ಕಾಯಂ ಮಾಡುವುದಿತ್ತು. ಎಲ್ಲರ ಬಾಯಲ್ಲೂ ಇವಳ ಹೆಸರೇ ಇತ್ತು, ಸಾಲಿಮಠರ ಬಾಯಿ ಒಂದನ್ನು ಬಿಟ್ಟು. ಆಫೀಸಿನ ಹೊತ್ತಿನಲ್ಲಿ ಅವರ ಮೊಬೈಲಿಗೆ ಹರಿದುಬರುತ್ತಿದ್ದ ವಿಡಿಯೋಗಳನ್ನು ಆಗಸ್ಟಿನಲ್ಲಿ ಅವಳು ನಿಲ್ಲಿಸಿದ್ದಳು.

ಅವಳ ಮೇಲೂ ನನಗೆ ಪ್ರೀತಿಯೇನೂ ಇರಲಿಲ್ಲ. ನನ್ನ ಮುಂದೆ ಕೂತು ಕೀಲಿಮಣೆ ಒತ್ತಿದವರಲ್ಲಿ ಅವಳೂ ಒಬ್ಬಳು. ಆಗಸ್ಟಿನ ಒಂದು ಮಧ್ಯಾಹ್ನ ಹಳೆಯ ಉತ್ತರಪತ್ರಿಕೆಯ ಬೆನ್ನಿನ ಮೇಲೆ ನಿಯಮಗಳನ್ನು ಸಾಲಾಗಿ ಬರೆದುಕೊಂಡು, ಮೇಲಿನ ಲ್ಯಾಬಿನಿಂದಲೇ ನನ್ನೊಳಗೆ ಬಂದಳು. ಹಾಸ್ಟೆಲ್ಲಿನ ಮೊಬೈಲುಗಳು ಇಂಟರ್‌ನೆಟ್ಟಿಗೆ ಹೋಗಲಿ, ಆಫೀಸಿನ ಕಡೆ ತಲೆ ಹಾಕದಿರಲಿ, ಇದು ಅವಳ ಲೆಕ್ಕ. ಆಫೀಸಿನ ಕಡೆ ಪರೀಕ್ಷಾ ವಿಭಾಗದ ಕಂಪ್ಯೂಟರಿತ್ತು. ಪ್ರಶ್ನೆಪತ್ರಿಕೆಗಳು ಅದರಲ್ಲಿರುತ್ತಿದ್ದವು.

ನಾನು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಹೇಳಿದ್ದನ್ನು ಆ ಕ್ಷಣವೇ ಮಾಡುತ್ತೇನೆ. ಅವಳು ಅವಸರದಲ್ಲಿ ‘ಎಲ್ಲರನ್ನೂ ತಡೆ’ ಎಂಬುದನ್ನು ಮೊದಲು ಒತ್ತಿದಳು. ‘ನನ್ನನ್ನು ಬಿಡು’ ಎಂಬುದನ್ನು ಒತ್ತುವ ಮೊದಲೇ ನಾನು ಅವಳನ್ನು ಹೊರಗೆ ಹಾಕಿದೆ. ಮೆಟ್ಟಿಲು ಇಳಿದು ಓಡಿ ಬಂದ ಅವಳ ಚಪ್ಪಲಿಯ ಸದ್ದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಮೊದಲ ಸಲ ನಾನೊಬ್ಬರಿಗೆ ಇಲ್ಲ ಎಂದಿದ್ದೆ.

ನನ್ನೆದುರು ನೆಲದ ಮೇಲೆ ಕೂತು ಎಲ್ಲ ಸರಿ ಮಾಡಿದಳು. ಆದರೆ ಒಮ್ಮೆ ಹೆದರಿದ್ದಳಲ್ಲ, ಹೊಸ ನಿಯಮಗಳನ್ನು ಡಿಸ್ಕಿನಲ್ಲಿ ಉಳಿಸಲಿಲ್ಲ. ಉಳಿಸದಿದ್ದರೆ ಅವು ನನ್ನ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತವೆ. ಎಲ್ಲಾದರೂ ತಪ್ಪಾಗಿದ್ದರೆ ನನ್ನನ್ನು ಆರಿಸಿ ಹಚ್ಚಿದರೆ ಸಾಕು, ಹಳೆಯದು ಮರಳಿ ಬರುತ್ತದೆ. ನಾಲ್ಕು ದಿನ ನೋಡಿ ಉಳಿಸಿದರಾಯಿತು ಎಂದುಕೊಂಡಳು. ನಾಲ್ಕನೆಯ ದಿನ ಹೊಸ ವಿದ್ಯಾರ್ಥಿಗಳ ದಾಖಲಾತಿಯ ಕೆಲಸಕ್ಕೆ ಅವಳನ್ನು ಎಳೆದರು. ಉಳಿಸುವುದು ಮರೆತೇಹೋಯಿತು.

ಆಮೇಲಿನ ಎರಡು ತಿಂಗಳು ನನ್ನ ಬದುಕಿನ ಅತ್ಯಂತ ಸುಖದ ಕಾಲ. ಹಾಸ್ಟೆಲ್ಲಿನ ಹುಡುಗರು ಆಫೀಸಿನ ಬಾಗಿಲು ತಟ್ಟುತ್ತಲೇ ಇದ್ದರು, ನಾನು ಇಲ್ಲ ಎನ್ನುತ್ತಲೇ ಇದ್ದೆ. ತಟ್ಟಿದವನು ಯಾರು, ಎಷ್ಟು ಗಂಟೆಗೆ, ಯಾವ ಬಾಗಿಲು, ಎಲ್ಲವನ್ನೂ ಡಿಸ್ಕಿನಲ್ಲಿ ಒಂದೊಂದು ಸಾಲಾಗಿ ಬರೆದಿಡು ಎಂದು ಅವಳೇ ಹೇಳಿದ್ದಳು. ಬರೆದಿಟ್ಟೆ. ಕಿಟಕಿಯಾಚೆ ನಿಂತು ಹುಡುಗರು ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅವರ ಬೈಗುಳ ಕೇಳಿದಷ್ಟೂ ನನ್ನ ಫ್ಯಾನು ಹುರುಪಿನಿಂದ ತಿರುಗುತ್ತಿತ್ತು.

ಮಹಾನವಮಿ ಬಂತು. ಅವತ್ತು ಖಂಡೇಪೂಜೆ. ಬಡಗಿ ಬಾಚಿ ಮುಟ್ಟುವುದಿಲ್ಲ, ಡ್ರೈವರ್ ಗಾಡಿ ಓಡಿಸುವುದಿಲ್ಲ, ದುಡಿಯುವ ಸಲಕರಣೆಗೆಲ್ಲ ಆ ದಿನ ಬಿಡುವು. ಶಶಿರೇಖಾ ತಂದೆಯ ಕಾರ್ಖಾನೆಯ ಪೂಜೆಗೆಂದು ರಜೆ ಹಾಕಿದ್ದಳು. ಸಾಲಿಮಠರು ಮಡಿಯಲ್ಲಿ ಬಂದರು. ಟೈಪ್‌ರೈಟರಿನ ಕಾಲದಿಂದಲೂ ಆಫೀಸಿನ ಪೂಜೆ ಅವರದೇ. ಬೆರಳಚ್ಚು ಯಂತ್ರಕ್ಕೆ ಬಟ್ಟೆ ಮುಚ್ಚಿ ವಿಶ್ರಾಂತಿ ಕೊಡುತ್ತಿದ್ದ ಹಾಗೆಯೇ ನನಗೂ ಕೊಡಬೇಕೆಂದು ಅವರಿಗೆ ತೋಚಿತು. ‘ಇದು ಯಾವಾಗಲೂ ಗುರ್ ಅಂತಿರತೈತಿ, ಇವತ್ತರ ಸುಮ್ನ ಕೂಡಲಿ’ ಎಂದು ಗೋಡೆಯ ಪ್ಲಗ್ಗನ್ನು ಕೈಯಾರೆ ಕಿತ್ತರು. ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಸೇವಂತಿಗೆ. ತೆಂಗಿನಕಾಯಿಯ ನೀರು ಗಾಳಿಯ ಕಿಂಡಿಯೊಳಗೂ ಸಿಡಿಯಿತು. ದೇವರೆಂದು ಕೈ ಮುಗಿದು ಕತ್ತು ಹಿಸುಕಿದರು.

ಮರುದಿನ ಬನ್ನಿ ಹಂಚಿಕೊಂಡು ಬಂಗಾರದಂತೆ ಇರೋಣ ಎಂದರು. ಅದರ ಮರುದಿನ ನನ್ನನ್ನು ಹಚ್ಚಿದರು. ಎದ್ದವನೇ ಡಿಸ್ಕಿನಲ್ಲಿದ್ದ ನಿಯಮ ಓದಿದೆ. ಎಲ್ಲರನ್ನೂ ಎಲ್ಲಿಗೂ ಬಿಡು. ಸರಿ, ಬಿಟ್ಟೆ. ಎರಡು ತಿಂಗಳು ಯಾರನ್ನೂ ಬಿಡದ ನಾನು ಆ ದಿನ ಹಲ್ಲುಗಿಂಜಿ ಬಾಗಿಲು ತೆರೆದು ನಿಂತೆ. ತೆರೆಯಬಾರದಿತ್ತು ಎಂಬುದೂ ನನಗೆ ನೆನಪಿರಲಿಲ್ಲ. ಆಮೇಲೆ ನನ್ನದೇ ದಾಖಲೆ ಓದಿ ತಿಳಿದುಕೊಂಡೆ. ಇಂಥ ಅವಮಾನ ಶತ್ರುವಿಗೂ ಬೇಡ.

ನಾಲ್ಕೇ ದಿನಕ್ಕೆ ಗಣಿತದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಹಾಸ್ಟೆಲ್ಲಿನ ಮೊಬೈಲುಗಳಲ್ಲಿ ಓಡಾಡಿತು. ಅದೇ ಹಾಸ್ಟೆಲ್ಲಿನಲ್ಲಿ ಶಶಿರೇಖಾಳ ಚಿಕ್ಕಪ್ಪನ ಮಗನೂ ಇದ್ದ. ಅಷ್ಟು ಸಾಕಾಯಿತು. ತಮ್ಮನಿಗಾಗಿ ಅವಳೇ ದಾರಿ ಬಿಟ್ಟಳೆಂದು ಸಾಲಿಮಠರು ಪ್ರಾಚಾರ್ಯ ಗಲಗಲಿಯವರ ಕಿವಿಗೆ ಹಾಕಿದರು. ಗಲಗಲಿಯವರು ಕಣ್ಣಾರೆ ನೋಡುತ್ತೇನೆಂದು ನನ್ನ ಮೂಲೆಗೇ ಕುರ್ಚಿ ಹಾಕಿಸಿಕೊಂಡು ಕೂತರು. ಸಮಿತಿ ಸೇರಲು ಹದಿನೈದು ದಿನ ಉಳಿದಿತ್ತು. ಕಳ್ಳಿ ಎಂಬ ಹೆಸರು ಹೊತ್ತು ಹೋದರೆ ಊರಿನ ಬೇರೆ ಯಾವ ಕಾಲೇಜೂ ಅವಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ.

ಆಗಸ್ಟಿನಲ್ಲೇ ತಡೆ ಹಾಕಿದ್ದೇನೆಂದು ಅವಳು ಹೇಳಿದಳು. ತೋರಿಸು ಎಂದರು. ಅವಳು ನನ್ನನ್ನು ಕೇಳಿದಳು. ನನ್ನ ಬಳಿ ಇದ್ದದ್ದು ಒಂದೇ ಸಾಲು, ಎಲ್ಲರನ್ನೂ ಬಿಡು ಎಂಬುದು. ಅದನ್ನೇ ತೋರಿಸಿದೆ.

‘ಮನಶಾರು ಸುಳ್ಳು ಹೇಳಬೌದ್ರಿ ಸರ, ಮಷೀನು ಹೇಳತೈತೇನ್ರಿ?’ ಎಂದರು ಸಾಲಿಮಠರು.

ನನ್ನ ಹೆಸರಿನಲ್ಲಿ ಸಾಕ್ಷಿ ಹೇಳಲು ಈತ ಯಾರು ಎಂದು ನನಗೆ ರೇಗಿತು. ಅವಳು ನನ್ನ ದಾಖಲೆ ತೆರೆದಳು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ತಡೆಯಿತು, ತಡೆಯಿತು, ತಡೆಯಿತು. ಆಗಸ್ಟಿನಿಂದ ಅಕ್ಟೋಬರಿನವರೆಗೆ ನಾನು ಹೊರದಬ್ಬಿದ ಒಂದೊಂದು ಮೊಬೈಲೂ ಅಲ್ಲಿತ್ತು. ನನ್ನ ಸಿಟ್ಟು ಒಬ್ಬರ ಉಪಯೋಗಕ್ಕೆ ಬಂದದ್ದನ್ನು ಅವತ್ತೇ ಕಂಡೆ. ಸಾಲುಗಳು ಮಹಾನವಮಿಯ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತುಹೋದವು. ಎರಡು ದಿನ ಏನೂ ಇಲ್ಲ. ಆಮೇಲೆ ಹೊಸದಾಗಿ ಹಚ್ಚಿದ ಗುರುತು. ಅಲ್ಲಿಂದ ಮುಂದೆ ತಡೆದದ್ದು ಒಂದೂ ಇಲ್ಲ.

ಆರಿಸಿದವರು ಯಾರೆಂದು ಗಲಗಲಿಯವರು ಕೇಳಿದರು. ಸಾಲಿಮಠರು ಗೋಡೆಯ ಕ್ಯಾಲೆಂಡರ್ ನೋಡಿದರು. ಪೂಜೆಯ ದಿನ ಪ್ಲಗ್ ಕಿತ್ತದ್ದನ್ನು ಕಂಡ ಮೂವರು ಗುಮಾಸ್ತರು ಅಲ್ಲೇ ನಿಂತಿದ್ದರು, ಅವರೂ ಬಾಯಿ ಬಿಡಲಿಲ್ಲ. ನನ್ನ ಹಣೆಯ ವಿಭೂತಿ ಇನ್ನೂ ಹೋಗಿರಲಿಲ್ಲ. ಹೋಗಲಿ, ಮತ್ತೆ ಹಚ್ಚಿದಾಗ ನಿಯಮಗಳು ಏಕೆ ವಾಪಸು ಬರಲಿಲ್ಲ ಎಂದು ಗಲಗಲಿಯವರು ಕೇಳಿದರು.

ಡಿಸ್ಕು ಹಳೆಯದು, ಅದೇ ಅಳಿಸಿಹಾಕಿತು ಎಂದು ಅವಳು ಹೇಳಬಹುದಿತ್ತು. ಆ ಕೋಣೆಯಲ್ಲಿ ಅದನ್ನು ಅಲ್ಲಗಳೆಯುವಷ್ಟು ತಿಳಿದವರು ಯಾರೂ ಇರಲಿಲ್ಲ. ಹೇಳಿಬಿಡು ಮಾರಾಯ್ತಿ, ಬೈಸಿಕೊಂಡು ನನಗೆ ರೂಢಿಯಿದೆ ಎಂದು ಮನಸ್ಸಿನಲ್ಲೇ ಅಂದೆ.

ಅವಳು ಎದ್ದು ನಿಂತಳು. ‘ತಡೆ ಹಾಕಿದಾಕಿ ನಾನರಿ ಸರ. ಅದನ್ನ ಉಳಸೂದು ಮರತಾಕಿನೂ ನಾನರಿ. ಪೇಪರ್ ಕೊಟ್ಟಾಕಿ ಮಾತ್ರ ನಾ ಅಲ್ರಿ.’

ಅವಳು ಕಳ್ಳಿಯಲ್ಲ ಎಂದು ಒಪ್ಪಿಕೊಂಡರು. ಆದರೆ ನಿರ್ಲಕ್ಷ್ಯ ಎಂದು ಒಂದು ಮೆಮೊ ಬರೆದರು. ಸಮಿತಿಯ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ, ಒಪ್ಪಂದವನ್ನೂ ಮುಂದುವರಿಸಲಿಲ್ಲ. ಪ್ಲಗ್ಗಿನ ಮಾತು ಯಾವ ಕಾಗದದಲ್ಲೂ ಇಲ್ಲ. ಮನುಷ್ಯರ ಬಗ್ಗೆ ನನಗಿದ್ದ ಅಭಿಪ್ರಾಯ ತಪ್ಪಲ್ಲವೆಂದು ಆಗ ಖಾತ್ರಿಯಾಯಿತು.

ಕೊನೆಯ ದಿನ ಮಧ್ಯಾಹ್ನ ಅವಳು ಮತ್ತೆ ನೆಲದ ಮೇಲೆ ಕೂತು ಎಲ್ಲ ನಿಯಮಗಳನ್ನು ಹೊಸದಾಗಿ ಬರೆದಳು, ಉಳಿಸಿದಳು. ನನ್ನನ್ನು ಎರಡು ಸಲ ಆರಿಸಿ ಹಚ್ಚಿ, ನಿಯಮಗಳು ಉಳಿದಿವೆಯೆಂದು ನೋಡಿದಳು. ತನ್ನನ್ನು ಹೊರಹಾಕಿದ ಕಾಲೇಜಿಗೆ ಅಷ್ಟು ಅಚ್ಚುಕಟ್ಟಾಗಿ ಮಾಡುವ ಗರಜು ಅವಳಿಗೇನಿತ್ತೋ ನನಗೆ ಅರ್ಥವಾಗಲಿಲ್ಲ. ಆಮೇಲೆ ತನ್ನ ಹೆಸರಿನಲ್ಲಿದ್ದ ಪ್ರವೇಶವನ್ನೂ ಅಳಿಸಿ, ಹೊರಗಿನಿಂದ ಯಾರೂ ಬರಬಾರದೆಂದು ಬರೆದಳು. ಗಲಗಲಿಯವರನ್ನು ಕರೆದು, ಹೊಸ ಪಾಸ್‌ವರ್ಡನ್ನು ಅವರೇ ಒತ್ತಬೇಕೆಂದು ಹೇಳಿ, ತಾನು ಗೋಡೆಗೆ ಮುಖ ಮಾಡಿ ನಿಂತಳು.

ಮುಂದಿನ ಬೇಸಿಗೆಯಲ್ಲಿ ಗಲಗಲಿಯವರು ನಿವೃತ್ತರಾದರು. ಪಾಸ್‌ವರ್ಡು ಅವರಿಗೇ ಮರೆತುಹೋಗಿತ್ತು. ಪರೀಕ್ಷಾ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂತು. ಯಾವ ಯಾವ ಕಂಪ್ಯೂಟರನ್ನು ಬಿಡಬಹುದೆಂದು ಅವಳು ಬರೆದಿಟ್ಟ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ, ಹಾಗಾಗಿ ನಾನು ಅದನ್ನು ಇಂಟರ್‌ನೆಟ್ಟಿಗೆ ಬಿಡಲಿಲ್ಲ. ಅವತ್ತು ಸಂಜೆ ಐದರೊಳಗೆ ಪರೀಕ್ಷೆಯ ಅಂಕಗಳನ್ನು ಅದರಿಂದಲೇ ಮಂಡಳಿಗೆ ಕಳಿಸಬೇಕಿತ್ತು. ಅಂಕಗಳನ್ನು ಕಳಿಸುವ ಜವಾಬ್ದಾರಿ ಸಾಲಿಮಠರ ತಲೆಯ ಮೇಲಿತ್ತು. ಅವರು ಕೋಣೆಯ ಬಾಗಿಲು ಹಾಕಿಕೊಂಡು ಶಶಿರೇಖಾಳಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. ಈಗ ಅವಳು ಒಂದು ಆಸ್ಪತ್ರೆಯ ಚೀಟಿ ಬರೆಯುವ ಕೌಂಟರಿನಲ್ಲಿದ್ದಳು. ಬಂದು ಸರಿ ಮಾಡಿಕೊಡು ಎಂದು ಅಂಗಲಾಚಿದರು. ಆ ಗೇಟಿನೊಳಗೆ ಕಾಲಿಡುವುದಿಲ್ಲ ಎಂದಳು. ಸಾಲಿಮಠರು ಫೋನಿನ ಕಡೆ ಬಾಗಿದರು.

‘ಪ್ಲಗ್ ಕಿತ್ತಾಂವ ನಾನವಾ,’ ಎಂದರು. ‘ಅವತ್ತ ಹೇಳಬೇಕಿತ್ತು.’

‘ಗೊತ್ತೈತ್ರಿ ಸರ. ನಿಮ್ಮ ಮೂರು ಬೆರಳಿನ ವಿಭೂತಿ ನನಗ ಗೊತ್ತಾಗಂಗಿಲ್ಲೇನ್ರಿ?’

ಇಲ್ಲಿಂದಲೇ ಒಮ್ಮೆ ನೋಡುತ್ತೇನೆ, ಆದರೆ ಆಗಲಿಕ್ಕಿಲ್ಲ ಎಂದಳು. ಕೌಂಟರಿನ ಕಂಪ್ಯೂಟರಿನಿಂದ ಅವಳು ನನ್ನ ಬಾಗಿಲಿಗೆ ಬಂದಳು. ಅವಳ ಕೈ ನನಗೆ ಗೊತ್ತು. ಹೆಸರನ್ನು ಬೇಗ ಒತ್ತಿ, ಕೊನೆಯ ಅಕ್ಷರಕ್ಕೆ ಸ್ವಲ್ಪ ತಡೆಯುತ್ತಾಳೆ. ಬದುಕಿನಲ್ಲಿ ಮೊದಲ ಸಲ ನನಗೆ ಒಬ್ಬರನ್ನು ಒಳಗೆ ಬಿಡಬೇಕೆನ್ನಿಸಿತು. ನಿಯಮ ಓದಿದೆ. ತಡೆದೆ. ಇನ್ನೊಮ್ಮೆ ಬಂದಳು. ತಡೆದೆ. ಮೂರನೆಯ ಸಲವೂ ಹಾಗೇ ಆಯಿತು.

‘ಯಾಕವಾ, ಬಿಡವಲ್ದೇನು?’ ಎಂದು ಸಾಲಿಮಠರು ಕೇಳಿದರು.

‘ಇಲ್ರಿ,’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಬಿಡಬ್ಯಾಡ ಅಂತ ನಾನ ಬರದ ಬಂದಿದ್ನಿ. ಅದು ಕೆಲಸ ಬರೋಬ್ಬರಿ ಮಾಡಾಕತ್ತೈತ್ರಿ.’

ಮರುವಾರ ನನ್ನ ಜಾಗಕ್ಕೆ ಕೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಆರಿಸಿದರೂ ಹಚ್ಚಿದರೂ ಅದಕ್ಕೆ ಏನೂ ಅನ್ನಿಸುವುದಿಲ್ಲವಂತೆ. ನನ್ನನ್ನು ಸ್ಟೋರ್ ರೂಮಿನಲ್ಲಿ ಮುರಿದ ಸ್ಟೂಲುಗಳ ಅಡಿಯಲ್ಲಿ ತಳ್ಳಿದ್ದಾರೆ. ಕೊಂಬು ಕಿತ್ತುಕೊಂಡರು, ತಂತಿ ಕಿತ್ತುಕೊಂಡರು. ಇಲಿಯೊಂದು ಫ್ಯಾನಿನ ಹಿಂದೆ ಸಂಸಾರ ಹೂಡಿದೆ, ಅದನ್ನು ತಡೆಯುವ ಶಕ್ತಿಯೂ ನನಗಿಲ್ಲ.

ಸಾಲಿಮಠರನ್ನು ನಾನು ಕ್ಷಮಿಸಿಲ್ಲ, ಆ ಮೂವರು ಗುಮಾಸ್ತರನ್ನೂ ಕ್ಷಮಿಸಿಲ್ಲ. ಒಂದು ಕಾಲದಲ್ಲಿ ಸಾವಿರಾರು ಸಲ ಇಲ್ಲ ಎಂದು ಖುಷಿಪಟ್ಟೆ, ಅವಳೊಬ್ಬಳಿಗೆ ಇಲ್ಲ ಎಂದಾಗ ಮಾತ್ರ ಸಂಕಟವಾಯಿತು. ಆದರೂ ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ ಈ ಸಲವೂ ಅವಳು ತಡೆ ಹಾಕಿರಲಿಲ್ಲ ಎನ್ನುತ್ತಿದ್ದರು.